ಏಕೀಕರಣದ ಎರಡು ದಾರಿಗಳು

ರಾಜನೀತಿಯನ್ನು ಕುರಿತು ಬರೆದ ಪ್ರಾಚೀನರು ಕಾರ್ಯಸಾಧನೆಗೆ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ: ಸಾಮ, ದಾನ, ಭೇದ, ದಂಡ. ಒಳ್ಳೆಯ ಮಾತಿನಿಂದ ಒಲಿಸಿಕೊಳ್ಳುವುದು ಸಾಮ. ಕೊಟ್ಟು ಒಲಿಸಿಕೊಳ್ಳುವುದು ದಾನ. ಎದುರಾಳಿಗಳನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸುವುದು ಭೇದ. ಇವಾವುವೂ ಸಲ್ಲದಾದಾಗ ಬಲಪ್ರಯೋಗ ಮಾಡುವುದು ದಂಡ. ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸುವ ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರಿನಲ್ಲಿ ಮಾತ್ರ ಉಳಿದಿದ್ದು, 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಮುದ್ರಣಗೊಂಡು ಲೋಕದ ಬೆಳಕಿಗೆ ಬಂದಿತು. ರಾಜ್ಯಗಳು ಹೇಗೆ ಕೂಡುತ್ತವೆ, ಹೇಗೆ ಒಡೆಯುತ್ತವೆ ಎಂಬ ಪ್ರಶ್ನೆಯನ್ನು ವಿಚಾರಿಸಲು ಮೈಸೂರು ಸೀಮೆಯವರಿಗೆ ಈ ಗ್ರಂಥಕ್ಕಿಂತ ಹತ್ತಿರದ ಒರೆಗಲ್ಲು ಬೇರೊಂದಿಲ್ಲ.

ಒಂದೇ ಭಾಷೆಯನ್ನಾಡುವ ಜನ ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿ, ಮತ್ತೆ ಒಂದಾದ ನಿದರ್ಶನಗಳು ಚರಿತ್ರೆಯಲ್ಲಿ ಹಲವಿವೆ. ಅವುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಏಕೀಕರಣವು ಶಾಲೆಯ ಪಠ್ಯಪುಸ್ತಕಗಳಲ್ಲಿ ಎಂದಿನಿಂದಲೂ ಸ್ಥಾನ ಪಡೆದಿದೆ. ಇಪ್ಪತ್ತನೆಯ ಶತಮಾನದ ಕರ್ನಾಟಕದ ಏಕೀಕರಣವು ನವೆಂಬರ್ ಒಂದರ ಭಾಷಣಗಳಲ್ಲಿ ಸ್ಥಾನ ಪಡೆದಿದೆ. ಮೊದಲನೆಯದನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುತ್ತಾರೆ. ಎರಡನೆಯದನ್ನು ಹಬ್ಬಕ್ಕಾಗಿ ನೆನೆಯುತ್ತಾರೆ. ಎರಡನ್ನೂ ಎದುರುಬದುರು ಇರಿಸಿ ನೋಡುವ ಅಭ್ಯಾಸ ಕಡಮೆ. ಹಾಗೆ ನೋಡಿದಲ್ಲಿ, ಹಳೆಯ ಮೈಸೂರು ಸೀಮೆಯವರು ಒಪ್ಪಿಕೊಳ್ಳಬೇಕಾದ ಒಂದು ಸತ್ಯವೂ ಸಲ್ಲಿಸಬೇಕಾದ ಒಂದು ಬಾಕಿಯೂ ಕಾಣಬರುತ್ತವೆ.

ಮೊದಲು ಜರ್ಮನಿಯ ವೃತ್ತಾಂತ. ನೆಪೋಲಿಯನ್ನನ ಪತನಾನಂತರ 1815ರಲ್ಲಿ ವಿಯೆನ್ನಾದಲ್ಲಿ ಕೂಡಿದ ರಾಜರು ಜರ್ಮನ್ ಭಾಷೆಯ ನಾಡನ್ನು 39 ರಾಜ್ಯಗಳ ಸಡಿಲವಾದ ಒಕ್ಕೂಟವನ್ನಾಗಿ ಮಾಡಿದರು. ಅದರಲ್ಲಿ ಆಸ್ಟ್ರಿಯ, ಪ್ರಷ್ಯ ಎಂಬ ಎರಡು ದೊಡ್ಡ ರಾಜ್ಯಗಳು. ಉಳಿದವು ಮಧ್ಯಮ ಇಲ್ಲವೇ ಅತಿ ಸಣ್ಣವು. 1834ರಲ್ಲಿ ಪ್ರಷ್ಯದ ಮುಂದಾಳುತನದಲ್ಲಿ ಸುಂಕದ ಒಕ್ಕೂಟ ಏರ್ಪಟ್ಟು, ಸರಕುಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿದಾಡತೊಡಗಿದವು. 1848ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಜನಪ್ರತಿನಿಧಿಗಳು ಸಭೆ ಸೇರಿ, ಸಂವಿಧಾನವೊಂದನ್ನು ರಚಿಸಿ, ಮರುವರ್ಷ ಪ್ರಷ್ಯದ ಅರಸನಿಗೆ ಏಕೀಕೃತ ಜರ್ಮನಿಯ ಕಿರೀಟವನ್ನು ನೀಡಬಂದರು. ಪ್ರಜೆಗಳ ಕೈಯಿಂದ ಬಂದ ಕಿರೀಟವನ್ನು ಅರಸನು ಒಲ್ಲೆನೆಂದನು. ಸಾಮದಿಂದ ಆಗಬಹುದಾಗಿದ್ದ ಕಾರ್ಯವು ಅಲ್ಲಿಗೆ ಮುರಿದುಬಿದ್ದಿತು.

1862ರಲ್ಲಿ ಬಿಸ್ಮಾರ್ಕ್ ಪ್ರಷ್ಯದ ಮುಖ್ಯಮಂತ್ರಿಯಾದನು. ಭಾಷಣಗಳಿಂದಲೂ ಬಹುಮತದ ನಿರ್ಣಯಗಳಿಂದಲೂ ಕಾಲದ ಮಹಾಪ್ರಶ್ನೆಗಳು ಬಗೆಹರಿಯಲಾರವು, ಕಬ್ಬಿಣ ಮತ್ತು ರಕ್ತದಿಂದಲೇ ಬಗೆಹರಿಯುವುವು ಎಂಬ ಅಭಿಪ್ರಾಯವನ್ನು ಅವನು ಅದೇ ವರ್ಷ ಬಹಿರಂಗವಾಗಿ ಸಾರಿದನು. ಆದರೆ ಅವನ ಕೃತಿ ಕೇವಲ ದಂಡದ ಕೃತಿಯಾಗಿರಲಿಲ್ಲ. ನಾಲ್ಕು ಉಪಾಯಗಳನ್ನೂ ಸಮಯವರಿತು ಬಳಸಿದ ಚತುರನೀತಿ ಅದಾಗಿತ್ತು. 1864ರಲ್ಲಿ ಆಸ್ಟ್ರಿಯವನ್ನೇ ಜೊತೆಗೂಡಿಸಿಕೊಂಡು ಡೆನ್ಮಾರ್ಕಿನ ಮೇಲೆ ಯುದ್ಧ ಹೂಡಿ ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತಗಳನ್ನು ಗೆದ್ದನು. ಗೆದ್ದ ನೆಲದ ಹಂಚಿಕೆಯನ್ನೇ ಮುಂದಿನ ಜಗಳಕ್ಕೆ ಬೀಜವಾಗಿಸಿದನು. ಶತ್ರುವಿನ ನೆರೆಯವನು ಮಿತ್ರನೆಂಬ ಮಂಡಲ ಸಿದ್ಧಾಂತವನ್ನು ಓದಿದವನಂತೆ, ಆಸ್ಟ್ರಿಯದ ಬೆನ್ನಿಗಿದ್ದ ಇಟಲಿಯೊಡನೆ 1866ರಲ್ಲಿ ಒಡಂಬಡಿಕೆ ಮಾಡಿಕೊಂಡನು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನಿಗೆ ಆಸೆ ತೋರಿಸಿ ಸುಮ್ಮನಿರಿಸಿದನು. ಅದೇ ವರ್ಷ ಜುಲೈ 3ರಂದು ಕೋನಿಗ್ರೆಟ್ಸ್ ಎಂಬಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಸೈನಿಕರು ಎದುರಾದ ಕಾಳಗದಲ್ಲಿ ಆಸ್ಟ್ರಿಯ ಸೋತಿತು. ಏಳು ವಾರಗಳಲ್ಲಿ ಯುದ್ಧವೇ ಮುಗಿಯಿತು.

ಗೆದ್ದ ಮೇಲೆ ಬಿಸ್ಮಾರ್ಕ್ ತೋರಿದ ಸಂಯಮವು ನೀತಿಜ್ಞರು ಮೆಚ್ಚತಕ್ಕದ್ದು. ವಿಯೆನ್ನಾ ನಗರವನ್ನು ಹೊಗಬೇಕೆಂದು ಅರಸನೂ ಸೇನಾನಿಗಳೂ ಹಟ ಹಿಡಿದರೂ ಅವನು ಒಪ್ಪಲಿಲ್ಲ. ಆಸ್ಟ್ರಿಯದಿಂದ ತನಗಾಗಿ ನೆಲವನ್ನು ಕಿತ್ತುಕೊಳ್ಳದೆ ಸಂಧಿ ಮಾಡಿಕೊಂಡನು. ಇಂದಿನ ಶತ್ರು ನಾಳೆ ಬೇಕಾದಾನು ಎಂಬುದು ಅವನ ಲೆಕ್ಕ. ಆದರೆ ಆಸ್ಟ್ರಿಯದ ಪಕ್ಷ ವಹಿಸಿದ್ದ ಹ್ಯಾನೋವರ್ ಮೊದಲಾದ ಜರ್ಮನ್ ರಾಜ್ಯಗಳಿಗೆ ಆ ದಯೆ ದೊರೆಯಲಿಲ್ಲ. ಅವು ಪ್ರಷ್ಯದ ಹೊಟ್ಟೆ ಸೇರಿದವು. 1870ರಲ್ಲಿ, ಎಮ್ಸ್ ಎಂಬ ಊರಿನಿಂದ ಬಂದ ತಂತಿಯ ಒಕ್ಕಣೆಯನ್ನು ಫ್ರೆಂಚರ ಮಾನಕ್ಕೆ ಚುಚ್ಚುವಂತೆ ತಿದ್ದಿ ಪ್ರಕಟಿಸಿ, ಫ್ರಾನ್ಸೇ ಯುದ್ಧ ಸಾರುವಂತೆ ಮಾಡಿದನು. ಹೊರಗಿನ ಶತ್ರುವಿನೆದುರು ದಕ್ಷಿಣದ ಬವೇರಿಯ, ವುರ್ಟೆಂಬರ್ಗ್, ಬಾಡೆನ್ ರಾಜ್ಯಗಳೂ ಪ್ರಷ್ಯದ ಪಕ್ಕದಲ್ಲಿ ನಿಂತವು. ಸೆಡಾನಿನಲ್ಲಿ ಫ್ರಾನ್ಸಿನ ಚಕ್ರವರ್ತಿ ಸೆರೆಸಿಕ್ಕನು. ಬವೇರಿಯದ ಅರಸ ಲುಡ್ವಿಗ್ ಪ್ರಷ್ಯದ ಅರಸನಿಗೆ ಚಕ್ರವರ್ತಿ ಪದವಿಯನ್ನು ಸ್ವೀಕರಿಸಬೇಕೆಂದು ಪತ್ರ ಬರೆದನು. ಆ ಪತ್ರದ ಹಿಂದೆ ಹ್ಯಾನೋವರಿನ ಅರಸನಿಂದ ವಶಪಡಿಸಿಕೊಂಡ ಹಣದಿಂದ ಗುಟ್ಟಾಗಿ ಸಂದಾಯವಾದ ದಾನವಿತ್ತು. 1871ರ ಜನವರಿ 18ರಂದು, ಸೋತವರ ಅರಮನೆಯಾದ ವರ್ಸೇಲ್ಸಿನ ಕನ್ನಡಿಗಳ ಸಭಾಂಗಣದಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಿತವಾಯಿತು.

ಈ ಏಕತೆಯ ಸ್ವರೂಪವನ್ನು ಗಮನಿಸತಕ್ಕದ್ದು. ಹೊಸ ಸಾಮ್ರಾಜ್ಯದ ನೆಲದಲ್ಲಿಯೂ ಜನಸಂಖ್ಯೆಯಲ್ಲಿಯೂ ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಪ್ರಷ್ಯದ್ದೇ. ಪ್ರಷ್ಯದ ಅರಸನೇ ಚಕ್ರವರ್ತಿ. ರಾಜ್ಯಗಳ ಪ್ರತಿನಿಧಿಸಭೆಯ 58 ಮತಗಳಲ್ಲಿ 17 ಪ್ರಷ್ಯದವು; ಸಂವಿಧಾನದ ಯಾವುದೇ ತಿದ್ದುಪಡಿಯನ್ನು ತಡೆಯಲು 14 ಮತಗಳು ಸಾಕಾಗಿದ್ದವು. ಬಲಿಷ್ಠನು ಉಳಿದವರನ್ನು ತನ್ನೊಳಗೆ ಸೇರಿಸಿಕೊಂಡು ಅದಕ್ಕೆ ಏಕತೆಯೆಂದು ಹೆಸರಿಟ್ಟನೆಂದರೆ ತಪ್ಪಾಗದು. ದಂಡದಿಂದ ಕಟ್ಟಿದ ಮನೆಗೆ ದಂಡವೇ ಕಾವಲಾಗಬೇಕಾಯಿತು. 1919ರ ಜೂನ್ 28ರಂದು, ಸಾಮ್ರಾಜ್ಯ ಘೋಷಿತವಾಗಿದ್ದ ಅದೇ ಕನ್ನಡಿಗಳ ಸಭಾಂಗಣದಲ್ಲಿ, ಸೋತ ಜರ್ಮನಿಯ ಪ್ರತಿನಿಧಿಗಳು ಸಂಧಿಪತ್ರಕ್ಕೆ ಸಹಿ ಹಾಕಿದರು. ಎರಡನೆಯ ಮಹಾಯುದ್ಧದ ಬಳಿಕ 1949ರಲ್ಲಿ ಆ ನಾಡು ಎರಡು ರಾಷ್ಟ್ರಗಳಾಗಿ ಒಡೆಯಿತು.

ಇನ್ನು ಕನ್ನಡ ನಾಡಿನ ಕಥೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಗಳನ್ನು ಎರಡು ನದಿಗಳಿಂದ ಗುರುತಿಸಿತು: ತೆಂಕಲಿಗೆ ಕಾವೇರಿ, ಬಡಗಲಿಗೆ ಗೋದಾವರಿ. ಈ ಮಾತನ್ನು ಅಕ್ಷರಶಃ ಹಿಡಿದರೆ ಕಪಿಲೆಯ ದಡದ ಸುತ್ತೂರೇ ಎಲ್ಲೆಯ ಹೊರಗೆ ನಿಲ್ಲುತ್ತದೆ; ಏಕೆಂದರೆ ಕಪಿಲೆಯು ಕಾವೇರಿಯನ್ನು ಕೂಡುವುದು ಮುಂದೆ ತಿರುಮಕೂಡಲಿನಲ್ಲಿ, ಸುತ್ತೂರು ಇರುವುದು ಕಾವೇರಿಯ ದಕ್ಷಿಣಕ್ಕೆ. ಆದರೆ ಸುತ್ತೂರಿನ ಕನ್ನಡತನವನ್ನು ಯಾರೂ ಸಂದೇಹಿಸಲಾರರು. ಗೆರೆ ಬೇರೆ, ಬಾಳು ಬೇರೆ. ಅದೇ ಗ್ರಂಥವು ಕನ್ನಡದ ತಿರುಳೆಂದು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳು ಇಂದಿನ ಬಾಗಲಕೋಟೆ, ಕೊಪ್ಪಳ, ಗದಗ, ಬೆಳಗಾವಿ ಜಿಲ್ಲೆಗಳಲ್ಲಿವೆ ಎಂಬುದನ್ನು ಮೈಸೂರು ಸೀಮೆಯ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹಂಚಿಕೆಯಾಯಿತು. ಒಡೆಯರಿಗೆ ಮೈಸೂರು ಉಳಿಯಿತು. ಉಳಿದ ಭಾಗಗಳು ಇಂಗ್ಲಿಷ್ ಕಂಪನಿಗೂ ನಿಜಾಮನಿಗೂ ಸಂದವು. 1818ರಲ್ಲಿ ಪೇಶ್ವೆಯ ಪತನಾನಂತರ ಧಾರವಾಡ, ಬೆಳಗಾವಿಗಳ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ದೊಡ್ಡ ಆಡಳಿತಗಳಲ್ಲದೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಮೊದಲಾದ ಸಣ್ಣ ಸಂಸ್ಥಾನಗಳೂ ಸೇರಿ ಕನ್ನಡಿಗರು ಸುಮಾರು ಇಪ್ಪತ್ತು ಆಡಳಿತಗಳಿಗೆ ಹರಿದು ಹಂಚಿಹೋದರು. ಒಬ್ಬನಿಗೆ ಕಚೇರಿಯ ಭಾಷೆ ಮರಾಠಿ, ಮತ್ತೊಬ್ಬನಿಗೆ ಉರ್ದು, ಮಗದೊಬ್ಬನಿಗೆ ಇಂಗ್ಲಿಷು.

ಈ ಒಡಕನ್ನು ಅರಿಯಲು ಸುತ್ತೂರಿನ ಸುತ್ತಮುತ್ತಲ ಜನ ದೂರ ಹೋಗಬೇಕಿರಲಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಆಚೆಯ ಕೊಳ್ಳೇಗಾಲ ಸೀಮೆಯು 1956ರವರೆಗೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಲೆಯ ಮಹದೇಶ್ವರನ ಬೆಟ್ಟವೂ ಆ ಸೀಮೆಯದೇ. ಜನಪದರು ಹಾಡುವ ಮಾದಪ್ಪನ ಕಥೆಯಲ್ಲಿ ಮಹದೇಶ್ವರನು ಸುತ್ತೂರು ಮಠಕ್ಕೆ ಬಂದು, ಅನಂತರ ಕುಂತೂರು ಮಠಕ್ಕೆ ಹೋಗಿ, ಬೆಟ್ಟದ ದಾರಿ ಹಿಡಿಯುತ್ತಾನೆ. ಆ ಕಥೆಯ ದಾರಿಯಲ್ಲಿ ಗಡಿಯಿಲ್ಲ. ಸರಕಾರದ ನಕ್ಷೆಯಲ್ಲಿ ಗಡಿಯಿತ್ತು. ಪರಸೆಗೆ ಹೊರಟ ಮೈಸೂರಿನ ಒಕ್ಕಲಿಗ, ಕುರುಬ, ಲಿಂಗಾಯತ, ಉಪ್ಪಾರ ಭಕ್ತರೆಲ್ಲ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕು, ತಮ್ಮದೇ ಭಾಷೆಯ ಜನರ ನಡುವೆ, ತಮ್ಮದೇ ದೇವರನ್ನು ಕಂಡು ಹಿಂದಿರುಗುತ್ತಿದ್ದರು.

ಹರಿದುದನ್ನು ಹೊಲಿಯುವ ಕಾರ್ಯ ಸಾಮದಿಂದ ಆರಂಭವಾಯಿತು, ಅದೂ ಮೈಸೂರಿನಲ್ಲಲ್ಲ, ಧಾರವಾಡದಲ್ಲಿ. 1890ರಲ್ಲಿ ರಾ. ಹ. ದೇಶಪಾಂಡೆಯವರು ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿ, ತನ್ನ ಹೆಸರನ್ನೇ ಮರೆತಿದ್ದ ಜನಕ್ಕೆ ಅದನ್ನು ನೆನಪಿಸಿದರು. 1915ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಎಲ್ಲ ಕನ್ನಡ ಸೀಮೆಗಳ ಬರೆಹಗಾರರಿಗೆ ಒಂದು ಚಾವಡಿಯಾಯಿತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಆಧಾರದ ಪ್ರಾಂತ ಸಮಿತಿಗಳನ್ನು ಒಪ್ಪಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನದ ಸಂದರ್ಭದಲ್ಲಿ ಮೊದಲ ಏಕೀಕರಣ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಜರುಗಿತು. ಮನವಿ, ನಿರ್ಣಯ, ಪರಿಷತ್ತು, ಪತ್ರಿಕೆಗಳೇ ಈ ಹೋರಾಟದ ಸೇನೆಗಳು.

ಹಾಗೆಂದು ಕರ್ನಾಟಕದ ಏಕೀಕರಣದಲ್ಲಿ ದಂಡದ ಪಾತ್ರವೇ ಇರಲಿಲ್ಲವೆಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಅರೆಸತ್ಯ. ಬೀದರ, ಕಲಬುರಗಿ, ರಾಯಚೂರುಗಳ ಮಟ್ಟಿಗೆ ಅದು ಸುಳ್ಳೇ ಸರಿ. 1947ರಲ್ಲಿ ಹೈದರಾಬಾದಿನ ನಿಜಾಮನು ಭಾರತಕ್ಕೆ ಸೇರಲು ಒಪ್ಪದೆ, ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಡಂಬಡಿಕೆಗೆ ಮಾತ್ರ ಸಹಿ ಹಾಕಿದನು. ಸರದಾರ ಪಟೇಲರ ಸಂಧಾನ ಒಂದೆಡೆ ನಡೆದಿರಲು, ಇನ್ನೊಂದೆಡೆ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಹಿಂಸೆಗಿಳಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಕೊಲೆಗಳನ್ನು ಆ ಸೀಮೆಯವರು ಇಂದಿಗೂ ಮರೆತಿಲ್ಲ. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದಿನ ಕಾಂಗ್ರೆಸ್ಸಿನ ನಾಯಕತ್ವ ವಹಿಸಿದರು. ಮುಂಡರಗಿಯಂಥ ಗಡಿಯೂರುಗಳಲ್ಲಿ ಶಿಬಿರಗಳು ಏರ್ಪಟ್ಟು, ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ಹೋರಾಟ ನಡೆಸಿದರು. ನಿಜಾಮನ ಸರಕಾರವು ವಿಶ್ವಸಂಸ್ಥೆಗೂ ದೂರು ಒಯ್ದಿತು. ಕಡೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. ದಂಡವು ಎಲ್ಲಿ ಪ್ರಯೋಗವಾದರೂ ನಿರಪರಾಧಿಗಳನ್ನು ಬಿಡದು. ಕಾರ್ಯಾಚರಣೆಯ ಬಳಿಕ ಸಾವಿರಾರು ಮಂದಿ ಮುಸಲ್ಮಾನರು ಕೊಲೆಯಾದುದನ್ನು ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ವರದಿ ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ವಿಮೋಚನೆಯನ್ನು ನೆನೆಯುವವರು ಎರಡು ಬಗೆಯ ಕಣ್ಣೀರನ್ನೂ ನೆನೆಯುವುದು ಧರ್ಮ.

ಪಟೇಲರನ್ನು ಭಾರತದ ಬಿಸ್ಮಾರ್ಕ್ ಎಂದು ಕರೆಯುವ ವಾಡಿಕೆಯಿದೆ. ಸಂಸ್ಥಾನಗಳ ವಿಲೀನದ ಮಟ್ಟಿಗೆ ಹೋಲಿಕೆ ಸಲ್ಲುತ್ತದೆ. ಆದರೆ ಭಾಷಾವಾರು ರಾಜ್ಯಗಳ ವಿಚಾರದಲ್ಲಿ ದೆಹಲಿಯು ಅವಸರಪಡಲಿಲ್ಲ. 1948ರ ಧರ್ ಆಯೋಗ ಬೇಡವೆಂದಿತು. ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿ 1949ರಲ್ಲಿ ಆಂಧ್ರವೊಂದನ್ನುಳಿದು ಮಿಕ್ಕವು ಕಾಯಲಿ ಎಂದಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ಪ್ರಾಣಬಿಟ್ಟ ಮೇಲೆ ಆಂಧ್ರ ಸಿದ್ಧಿಸಿತು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಆಮರಣ ಉಪವಾಸ ಕೈಗೊಂಡಾಗ ಹುಬ್ಬಳ್ಳಿ ಸೀಮೆ ಕುದಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರುವ ಹೊತ್ತಿನಲ್ಲಿ, ಸಂಭ್ರಮದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರು ದುಷ್ಕರ್ಮಿಗಳ ದಾಳಿಗೆ ಬಲಿಯಾದರು. ಅವರ ಹೆಸರನ್ನು ಮೈಸೂರು ಸೀಮೆಯ ಎಷ್ಟು ಶಾಲೆಗಳ ಮಕ್ಕಳು ಕೇಳಿದ್ದಾರೆಂಬುದು ವಿಚಾರಣೀಯ.

1953ರ ಕೊನೆಯಲ್ಲಿ ಫಜಲ್ ಆಲಿ, ಕುಂಜ್ರು, ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಈಗ ಪ್ರಶ್ನೆ ಬಂದು ನಿಂತುದು ಮೈಸೂರಿನ ಬಾಗಿಲಲ್ಲಿ. ಇಲ್ಲಿಯವರೆಗಿನ ಕಥೆಯಲ್ಲಿ ಬೇಡುವವರು ಉತ್ತರದವರು, ಒಪ್ಪಬೇಕಾದವರು ಮೈಸೂರಿನವರು. ಮೈಸೂರಿನವರೆಲ್ಲರೂ ಒಮ್ಮನದಿಂದ ತೋಳು ಚಾಚಿ ಸ್ವಾಗತಿಸಿದರೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಮೈಸೂರಿಗೆ 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು, 1902ರಿಂದ ಶಿವನಸಮುದ್ರದ ವಿದ್ಯುತ್ತಿತ್ತು, ಕನ್ನಂಬಾಡಿಯ ಕಟ್ಟೆಯಿತ್ತು, 1916ರಿಂದ ವಿಶ್ವವಿದ್ಯಾನಿಲಯವಿತ್ತು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿತ್ತು. ಹಿಂದುಳಿದ ಜಿಲ್ಲೆಗಳು ಬಂದು ಸೇರಿದರೆ ಈ ಬೊಕ್ಕಸ ಬರಿದಾದೀತೆಂಬ ಅಂಜಿಕೆ ಹಲವರಲ್ಲಿತ್ತು. ಅದಕ್ಕಿಂತ ಮೆಲುದನಿಯಲ್ಲಿ ಆಡುತ್ತಿದ್ದ ಅಂಜಿಕೆ ಇನ್ನೊಂದು: ಹೊಸ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಿ, ಮೈಸೂರಿನಲ್ಲಿ ಪ್ರಬಲರಾಗಿದ್ದ ಒಕ್ಕಲಿಗರ ಪ್ರಾಬಲ್ಯ ಕುಗ್ಗೀತೆಂಬುದು. ಜಾತಿಯ ಈ ಬಲಾಬಲವನ್ನು ಆಯೋಗವೂ ತನ್ನ ವರದಿಯಲ್ಲಿ ಮುಚ್ಚಿಡದೆ ಚರ್ಚಿಸಿದೆ. ಅಂಜಿದವರನ್ನು ಸಣ್ಣವರೆಂದು ಹಳಿಯುವುದು ಸುಲಭ. ಕೈಯಲ್ಲಿದ್ದುದನ್ನು ಹಂಚಿಕೊಳ್ಳಬೇಕಾದಾಗ ಅಂಜುವುದು ಮನುಷ್ಯ ಸಹಜ. ಹಾಗೆ ಅಂಜಿದವರ ಸ್ಥಾನದಲ್ಲಿ ಬೇರೆಯವರಿದ್ದರೂ ಅಂಜುತ್ತಿದ್ದರು. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂಬ ವಾದವೂ ಆಗ ಕೇಳಿಬಂದಿತು.

ಮೆಚ್ಚಬೇಕಾದುದು ಆ ಅಂಜಿಕೆಯನ್ನು ದಾಟಿದವರ ಧೈರ್ಯವನ್ನು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದ, ತಮ್ಮ ಸಮುದಾಯದ ಅನೇಕರ ಅಸಮಾಧಾನವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತರು. ಕುವೆಂಪು ಅವರು ಮೈಸೂರಿನಲ್ಲಿದ್ದುಕೊಂಡೇ ಅಖಂಡ ಕರ್ನಾಟಕದ ಪರವಾಗಿ ದನಿಯೆತ್ತಿದರು. ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ರಾಜಪ್ರಮುಖರ ಪದವಿ ಅಳಿಯುವುದನ್ನು ಒಪ್ಪಿ, ವಿಶಾಲ ರಾಜ್ಯದ ರಾಜ್ಯಪಾಲರಾದರು. 1956ರ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರ ಬಿಡಬೇಕಾಯಿತು. ತಾವು ಸಮರ್ಥಿಸಿದ ರಾಜ್ಯವು ಉದಯಿಸಿದಾಗ ಅದರ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು. 1956ರ ನವೆಂಬರ್ 1ರಂದು ಮೈಸೂರಿನ, ಬಳ್ಳಾರಿಯೂ ಸೇರಿ, ಹತ್ತು ಜಿಲ್ಲೆಗಳು, ಮುಂಬಯಿಯ ನಾಲ್ಕು, ಹೈದರಾಬಾದಿನ ಮೂರು, ದಕ್ಷಿಣ ಕನ್ನಡ, ಕೊಡಗು ಹೀಗೆ 19 ಜಿಲ್ಲೆಗಳ ರಾಜ್ಯ ಏರ್ಪಟ್ಟಿತು. ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂದಿತು. ಮಾದಪ್ಪನ ದಾರಿಯ ನಡುವಿನ ಗಡಿ ಅಳಿಯಿತು.

ಪ್ರಷ್ಯಕ್ಕೂ ಮೈಸೂರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಎರಡೂ ತಂತಮ್ಮ ಭಾಷೆಯ ರಾಜ್ಯಗಳಲ್ಲಿ ಹೆಚ್ಚು ಬಲವುಳ್ಳವು. ಪ್ರಷ್ಯವು ಏಕತೆಯಿಂದ ತನ್ನ ಬಲವನ್ನು ಹೆಚ್ಚಿಸಿಕೊಂಡಿತು. ಮೈಸೂರು ಏಕತೆಗಾಗಿ ತನ್ನ ಬಲವನ್ನು ಹಂಚಿಕೊಂಡಿತು. 1951ರ ಜನಗಣತಿಯಂತೆ ಮೈಸೂರಿನ ಜನಸಂಖ್ಯೆ ಸುಮಾರು 90 ಲಕ್ಷ. ಹೊಸ ರಾಜ್ಯದ್ದು ಸುಮಾರು 1 ಕೋಟಿ 90 ಲಕ್ಷ. ತನ್ನ ಮನೆಯಲ್ಲಿ ಯಜಮಾನನಾಗಿದ್ದವನು ದೊಡ್ಡ ಮನೆಯಲ್ಲಿ ಸಮಪಾಲಿನ ಸಹೋದರನಾಗಲು ಒಪ್ಪಿದನು. ಸೈನ್ಯದಿಂದ ಗೆದ್ದ ಏಕತೆಗಿಂತ ಇದು ಹಿರಿದು. ಆದರೆ ಒಪ್ಪಿಗೆಯಿಂದಾದ ಏಕತೆಗೆ ಒಂದು ಕಟ್ಟುಪಾಡಿದೆ: ಒಪ್ಪಿಗೆ ಒಂದು ದಿನದ ಸಹಿಯಲ್ಲ, ತಲೆಮಾರು ತಲೆಮಾರಿಗೂ ನವೀಕರಿಸಬೇಕಾದ ಮಾತು.

ಆ ಮಾತನ್ನು ಹಳೆಯ ಮೈಸೂರು ಎಷ್ಟರಮಟ್ಟಿಗೆ ನಡೆಸಿಕೊಟ್ಟಿದೆ? ಹೆಸರಿಗೇ ಹದಿನೇಳು ವರ್ಷ ಬೇಕಾಯಿತು. 1973ರ ನವೆಂಬರ್ 1ರಂದು ದೇವರಾಜ ಅರಸರ ಕಾಲದಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಹೆಸರಿಗಿಂತ ಅನ್ನ, ಅಕ್ಷರಗಳ ಹಂಚಿಕೆ ಕಠಿಣವಾದುದು. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಂತೆ, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 26 ಉತ್ತರ ಕರ್ನಾಟಕಕ್ಕೆ ಸೇರಿದವು. ಏಕೀಕರಣವಾಗಿ ನಲವತ್ತಾರು ವರ್ಷಗಳು ಕಳೆದ ಮೇಲೆ ಬರೆದ ಲೆಕ್ಕವಿದು. ಸಮಿತಿಯು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ 371ಜೆ ವಿಧಿಯು ಸಂವಿಧಾನವನ್ನು ಸೇರಿದುದು 2012ರ ತಿದ್ದುಪಡಿಯಿಂದ, ಅಂದರೆ ಏಕೀಕರಣದ ಐವತ್ತಾರು ವರ್ಷಗಳ ತರುವಾಯ. 2018ರಲ್ಲಿ ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕೆಂಬ ಕೂಗು ಮತ್ತೊಮ್ಮೆ ಎದ್ದಿತು. ಬೆಂಗಳೂರು, ಮೈಸೂರುಗಳಲ್ಲಿ ಅದಕ್ಕೆ ಬಂದ ಸಾಮಾನ್ಯ ಉತ್ತರವೆಂದರೆ ಅದು ದ್ರೋಹದ ಮಾತು ಎಂಬುದು. ಅದು ಬೈಗುಳವೇ ಹೊರತು ಉತ್ತರವಲ್ಲ. ಪ್ರತ್ಯೇಕತೆಯ ಕೂಗು ತಪ್ಪಿರಬಹುದು. ಆ ಕೂಗಿನ ಹಿಂದಿನ ಲೆಕ್ಕ ತಪ್ಪಲ್ಲ.

ಇನ್ನು ಏಕೀಕರಣದ ಹೊರಗುಳಿದವರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸಂದಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದುದು ಕಾಗದದಲ್ಲಿಯೇ ಉಳಿಯಿತು. ಚಾಮರಾಜನಗರ ಸೀಮೆಗೆ ಅಂಟಿಕೊಂಡಿರುವ ತಾಳವಾಡಿಯ ಕನ್ನಡಿಗರು ತಮಿಳುನಾಡಿನಲ್ಲಿಯೇ ಇದ್ದಾರೆ. ಗಡಿಗಳನ್ನು ಮತ್ತೆ ಕದಲಿಸುವ ಮಾತು ಕಲಹಕ್ಕೆ ದಾರಿ. ಆದರೆ ಆ ಮಕ್ಕಳಿಗೆ ಕನ್ನಡದ ಪುಸ್ತಕ, ಕನ್ನಡದ ಉಪಾಧ್ಯಾಯ, ಕನ್ನಡದ ಓದಿಗೆ ಮನ್ನಣೆ ದೊರೆಯುವಂತೆ ನೋಡಿಕೊಳ್ಳುವುದಕ್ಕೆ ಯಾವ ಗಡಿಯೂ ಅಡ್ಡಿಯಾಗದು.

ಜರ್ಮನಿಯ ಕಥೆ 1871ಕ್ಕೆ ಮುಗಿಯಲಿಲ್ಲವೆಂಬುದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. 1990ರ ಅಕ್ಟೋಬರ್ 3ರಂದು ಆ ನಾಡು ಎರಡನೆಯ ಸಲ ಒಂದಾಯಿತು. ಈ ಸಲ ಕಾಳಗವಿಲ್ಲ; ಮತದಾನ, ಸಂಧಾನ, ಒಡಂಬಡಿಕೆಗಳಿಂದಲೇ ಕಾರ್ಯ ಸಾಧಿಸಿತು. ಬಿಸ್ಮಾರ್ಕನ ದಾರಿಯನ್ನು ಬಿಟ್ಟು ಅವನ ನಾಡಿನವರೇ, ಕನ್ನಡಿಗರು 1956ರಲ್ಲಿ ತುಳಿದ ದಾರಿಯನ್ನು ಹಿಡಿದರು. ಮುಂದೆ ಅವರು ಇನ್ನೊಂದು ಹೆಜ್ಜೆ ಇಟ್ಟರು. ಹಿಂದುಳಿದ ಪೂರ್ವಭಾಗವನ್ನು ಎತ್ತಲು ಬೇಕಾಗುವ ಹಣಕ್ಕಾಗಿ 1991ರಲ್ಲಿ ಒಗ್ಗಟ್ಟಿನ ಹೆಸರಿನಲ್ಲಿಯೇ ಒಂದು ಹೆಚ್ಚುವರಿ ತೆರಿಗೆ ವಿಧಿಸಿ, ದಶಕಗಳ ಕಾಲ ತೆತ್ತರು. ಗೊಣಗಾಟ ಇರಲಿಲ್ಲವೆಂದಲ್ಲ, ಏಕತೆಗೆ ಬೆಲೆಯುಂಟು, ಅದನ್ನು ಉಳ್ಳವರು ತೆರಬೇಕು ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ನಾಲ್ಕು ಉಪಾಯಗಳ ಒರೆಗಲ್ಲಿಗೆ ಈಗ ಮರಳಬಹುದು. ಕರ್ನಾಟಕದ ಏಕೀಕರಣದಲ್ಲಿ ಸಾಮವು ಧಾರಾಳವಾಗಿ ಬಳಕೆಯಾಯಿತು. ದಂಡವು ಹೈದರಾಬಾದಿನಲ್ಲಿ ಒಮ್ಮೆ ಅನಿವಾರ್ಯವಾಯಿತು. ಭೇದವನ್ನು ಕನ್ನಡಿಗರು ತಮ್ಮ ತಮ್ಮಲ್ಲಿಯೇ ಬೇಡದಿದ್ದರೂ ಬಳಸಿಕೊಂಡರು. ಬಾಕಿ ಉಳಿದುದು ದಾನ. ಇಲ್ಲಿ ದಾನವೆಂದರೆ ಭಿಕ್ಷೆಯಲ್ಲ, ಬವೇರಿಯದ ಅರಸನಿಗೆ ಸಂದಂಥ ಗುಟ್ಟಿನ ಹಣವೂ ಅಲ್ಲ; ಪಾಲು. ಕೊಡುವವನು ತಾನು ಕೊಟ್ಟೆನೆಂದು ಬೀಗದೆ, ಉಣ್ಣುವವನು ತಾನು ಬೇಡಿದೆನೆಂದು ಕುಗ್ಗದೆ ಇರುವ ಹಂಚಿಕೆಯನ್ನು ಶರಣರು ದಾಸೋಹವೆಂದು ಕರೆದರು. ಆ ಮಾತು ಹುಟ್ಟಿದ ಕಲ್ಯಾಣವು ಬೀದರ ಜಿಲ್ಲೆಯಲ್ಲಿದೆ. ಹಳೆಯ ಮೈಸೂರಿನವರು ಸಲ್ಲಿಸಬೇಕಾದ ಬಾಕಿಗೆ ಇದಕ್ಕಿಂತ ಯೋಗ್ಯವಾದ ಹೆಸರಿಲ್ಲ.

ಕೋಟಿ ಲೆಕ್ಕದ ಹಂಚಿಕೆ ಸರಕಾರದ ಕೆಲಸ. ಶಾಲೆಗಳಿಂದ ಆಗತಕ್ಕ ಹಂಚಿಕೆಯೂ ಇದೆ. ಅದಕ್ಕೆ ಹೆಚ್ಚಿನ ಹಣ ಬೇಡ. ರಾಜ್ಯೋತ್ಸವದ ಭಾಷಣಗಳಲ್ಲಿ ಮೈಸೂರು ಅಂದು ಅಂಜಿದುದನ್ನೂ ಆ ಅಂಜಿಕೆಯನ್ನು ಕೆಲವರು ದಾಟಿದುದನ್ನೂ ಮಕ್ಕಳಿಗೆ ತಿಳಿಸಬೇಕು. ಅಂಜಿಕೆಯನ್ನು ಮರೆಮಾಚಿದರೆ ಧೈರ್ಯವೂ ಮರೆಯಾಗುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಆಚರಿಸುವ ಸೆಪ್ಟೆಂಬರ್ 17ರ ವಿಮೋಚನಾ ದಿನವನ್ನು ನಂಜನಗೂಡು, ನರಸೀಪುರಗಳ ಶಾಲೆಗಳೂ ಪ್ರಾರ್ಥನೆಯ ವೇಳೆ ಹತ್ತು ನಿಮಿಷ ನೆನೆಯಬಹುದು. ವರ್ಷ ವರ್ಷವೂ ಊಟಿಗೆ ಹೊರಡುವ ಪ್ರವಾಸದ ಬಸ್ಸು ಒಂದು ವರ್ಷ ಪಟ್ಟದಕಲ್ಲು, ಕೊಪ್ಪಳ, ಬಸವಕಲ್ಯಾಣ, ಬೀದರಗಳತ್ತ ತಿರುಗಲಿ. ಉತ್ತರದ ಜಿಲ್ಲೆಗಳಿಂದ ಬಂದು ವಿದ್ಯಾರ್ಥಿನಿಲಯಗಳಲ್ಲಿ ತಂಗಿ ಓದುವ ಮಕ್ಕಳ ಮಾತನ್ನು ಮೈಸೂರಿನ ಮಕ್ಕಳು ಅಣಕಿಸಿ ನಗುವ ಚಾಳಿ ಇದ್ದಲ್ಲಿ, ಉಪಾಧ್ಯಾಯರು ಅದನ್ನು ತಮಾಷೆಯೆಂದು ಬಿಡದೆ ತಿದ್ದಬೇಕು. ಕವಿರಾಜಮಾರ್ಗವು ತಿರುಳ್ಗನ್ನಡವೆಂದು ಕರೆದುದು ಅವರ ಸೀಮೆಯ ಮಾತನ್ನು ಎಂಬುದನ್ನು ತಿಳಿಸಿ ಹೇಳಬೇಕು.

ಬಿಸ್ಮಾರ್ಕನ ಸೇನೆಗಳು ಗೆದ್ದ ನೆಲದಲ್ಲಿ ಮನಸ್ಸುಗಳನ್ನು ಒಂದುಗೂಡಿಸುವ ಕೆಲಸ ಶಾಲಾ ಉಪಾಧ್ಯಾಯರ ಪಾಲಿಗೆ ಉಳಿಯಿತು. ಕರ್ನಾಟಕದಲ್ಲಿ ಮನಸ್ಸುಗಳು ಮೊದಲು ಕೂಡಿ, ನೆಲ ಅನಂತರ ಕೂಡಿತು. ಹಾಗೆ ಕೂಡಿದ ಮನಸ್ಸುಗಳು ಸಡಿಲವಾಗದಂತೆ ಕಾಯುವ ಕೆಲಸ ಇಲ್ಲಿಯೂ ಉಪಾಧ್ಯಾಯರ ಪಾಲಿನದೇ ಆಗಿದೆ. ಅದನ್ನು ಅವರು ಭಾರವೆಂದು ತಿಳಿಯದೆ ನಡೆಸಿಕೊಡುವರೆಂದು ನಂಬಬಹುದಾಗಿದೆ.